ಹೆರಿಗೆ ಕೋಣೆಯಲ್ಲಿ ಕಣ್ಣಳತೆ ಸಾಲದು

ಸಾರಿಗೆ ಉಪ್ಪು ಹಾಕುವಾಗ ನಾವ್ಯಾರೂ ತಕ್ಕಡಿ ಹಿಡಿಯುವುದಿಲ್ಲ. ಕಣ್ಣಳತೆ, ಕೈಯಳತೆ ಸಾಕು. ಆದರೆ ಹೆರಿಗೆ ಕೋಣೆಯಲ್ಲೂ ಎಷ್ಟೋ ಕಡೆ ಇದೇ ಕಣ್ಣಳತೆ ನಡೆಯುತ್ತದೆ ಎಂದರೆ ನಂಬುತ್ತೀರಾ? ಮಗು ಹುಟ್ಟಿದ ಮೇಲೆ ತಾಯಿಗೆ ಎಷ್ಟು ರಕ್ತ ಹೋಯಿತು ಅನ್ನೋದನ್ನು ಒದ್ದೆಯಾದ ಬಟ್ಟೆ ನೋಡಿ ಅಂದಾಜು ಮಾಡುವುದು ಹಳೆಯ ವಾಡಿಕೆ. ಸಹಜ ಹೆರಿಗೆಯಲ್ಲಿ ಅರ್ಧ ಲೀಟರ್ ದಾಟಿದರೆ ಅತಿ ರಕ್ತಸ್ರಾವ ಎಂಬ ಲೆಕ್ಕವೇನೋ ಇದೆ. ಬಟ್ಟೆ ಹೀರಿಕೊಂಡ ರಕ್ತವನ್ನು ಅಳೆಯುವವರು ಯಾರು?

ಇದಕ್ಕೊಂದು ಸರಳ ಉಪಾಯ ಬಂದದ್ದು ನಮ್ಮ ಬೆಳಗಾವಿಯಿಂದ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. ರಕ್ತ ಅಳೆಯಲು ಒಂದು ಪ್ಲಾಸ್ಟಿಕ್ ಹಾಳೆ ರೂಪಿಸಿದರು. ಮಗು ಹೊರಬಂದ ಕೂಡಲೇ ತಾಯಿಯ ಕೆಳಗೆ ಹಾಸುವುದು. ತುದಿಯಲ್ಲಿ ಆಲಿಕೆಯಂಥ ಚೀಲ, ಅದರ ಮೇಲೆ ಹಾಲಿನ ಅಳತೆಪಾತ್ರೆಯ ಹಾಗೆ ಗೆರೆಗಳು. ಇಷ್ಟೇ! ಈ ಚೀಲದ ಅಳತೆಯನ್ನೂ ಕಣ್ಣಂದಾಜನ್ನೂ ಹೋಲಿಸಿದಾಗ, ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಬಂತು.

ಹಳ್ಳಿಗಳ ಆ ಅಧ್ಯಯನದಲ್ಲಿದ್ದವರು 1,620 ತಾಯಂದಿರು. ಹೆರಿಗೆ ಮಾಡಿಸಿದ್ದು ದೊಡ್ಡ ಡಾಕ್ಟರುಗಳಲ್ಲ, ಎ.ಎನ್.ಎಂ. ಸಿಸ್ಟರುಗಳು. ಹೆರಿಗೆಯಾದ ತಕ್ಷಣ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಅತಿ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. (ಅದು ಸಿಸ್ಟರ್ ಕೈಯಿಂದ, ಮಗು ಹುಟ್ಟಿದ ಮೇಲೆಯೇ ಕೊಡಬೇಕಾದ ಮಾತ್ರೆ. ಅಂಗಡಿಯಿಂದ ತಂದು ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ.) 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಇನ್ನು ಗೆರೆ ಹಾಕಿದ ಚೀಲದ ಕಥೆ. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳ ದೊಡ್ಡ ಅಧ್ಯಯನವೊಂದು ಹೊರಬಂತು. ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳು! ಚೀಲದಲ್ಲಿ ಅಳೆಯುವುದು, ಮಿತಿ ಮೀರಿದ ಕೂಡಲೇ ಗರ್ಭಕೋಶ ತಿಕ್ಕುವುದು, ಇಂಜೆಕ್ಷನ್, ಡ್ರಿಪ್, ಎಲ್ಲಿಂದ ರಕ್ತ ಬರುತ್ತಿದೆ ಎಂಬ ತಪಾಸಣೆ, ಎಲ್ಲವನ್ನೂ ಒಟ್ಟಿಗೇ ಶುರುಮಾಡುವುದು. ಒಂದು ಮಾಡಿ, ಫಲ ನೋಡಿ, ಆಮೇಲೆ ಇನ್ನೊಂದು ಎಂದು ಕಾಯುವ ಪದ್ಧತಿ ಬಿಟ್ಟರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ದು ಮಾಡುವ ಆಪರೇಷನ್, ಸಾವು ಇವೆಲ್ಲ ಸೇರಿ ಶೇಕಡಾ 60ರಷ್ಟು ಕಡಿಮೆಯಾದವು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 300 ಮಿ.ಲೀ. ರಕ್ತ ಹೋಗಿ ನಾಡಿಯಲ್ಲೋ ಬಿ.ಪಿ.ಯಲ್ಲೋ ಏರುಪೇರು ಕಂಡರೆ ಅರ್ಧ ಲೀಟರ್ ಆಗಲಿ ಎಂದು ಕಾಯಬೇಡಿ ಅಂದಿತು.

ನಮಗಂತೂ ಇದು ಮುಖ್ಯ. ಏಕೆಂದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇಕಡಾ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಮೊದಲೇ ರಕ್ತ ಕಡಿಮೆ ಇರುವವಳಿಗೆ ಸ್ವಲ್ಪ ಹೋದರೂ ಕಷ್ಟವೇ.

ನಿಮ್ಮ ಮನೆಯಲ್ಲಿ ಮಗಳೋ ಸೊಸೆಯೋ ತುಂಬು ಬಸುರಿ ಇದ್ದರೆ ಎಂಟನೇ ತಿಂಗಳ ತಪಾಸಣೆಗೆ ಹೋದಾಗಲೇ ಕೇಳಿ: “ಡಾಕ್ಟರೇ, ಹೆರಿಗೆಯಾದ ಮೇಲೆ ರಕ್ತ ಹೇಗೆ ಅಳೀತೀರಿ? ರಕ್ತ ಬೇಕಾದರೆ ಎಲ್ಲಿಂದ ತರಿಸ್ತೀರಿ?” ಸಂಕೋಚ ಯಾಕೆ? ಎ.ಸಿ. ರೂಮು ಇದೆಯಾ ಅಂತ ಕೇಳುತ್ತೇವಲ್ಲ!

ಮನೆಗೆ ಬಂದ ಮೇಲೆ ಜವಾಬ್ದಾರಿ ನಮ್ಮದು. ಬಾಣಂತಿಗೆ ರಕ್ತ ಜಾಸ್ತಿ ಹೋದರೆ “ಕೆಟ್ಟ ರಕ್ತ, ಹೋಗಲಿ ಬಿಡು” ಅನ್ನುವ ಹಿರಿಯರು ಈಗಲೂ ಇದ್ದಾರೆ. ಎಣ್ಣೆ ಸ್ನಾನ, ಖಾರದ ಪುಡಿ, ಮೆಂತ್ಯದ ಲಾಡು ಎಲ್ಲ ಇರಲಿ, ನನಗೇನೂ ತಕರಾರಿಲ್ಲ. ಆದರೆ ಕೆಟ್ಟ ರಕ್ತ ಅನ್ನೋದು ಯಾವುದೂ ಇಲ್ಲ. ಮೊದಲ ಮೂರು ನಾಲ್ಕು ದಿನ ಕೆಂಪಗೆ ಹೋಗಿ, ಆಮೇಲೆ ಕಂದು, ನಂತರ ಬಿಳಿ-ಹಳದಿಗೆ ತಿರುಗುವುದು ಸಹಜ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಹೋದರೆ, ಕಡಿಮೆಯಾದ ರಕ್ತ ಹತ್ತು ಹದಿನೈದು ದಿನಗಳ ನಂತರ ಮತ್ತೆ ಕೆಂಪಗೆ ಜೋರಾದರೆ, ಕೆಟ್ಟ ವಾಸನೆ, ಜ್ವರ, ಎದ್ದರೆ ಕಣ್ಣು ಕತ್ತಲೆ ಬಂದರೆ ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ. ಮಾಸಿನ ಚೂರು ಒಳಗೇ ಉಳಿದಿರಬಹುದು, ನಂಜಾಗಿರಬಹುದು. ರಾತ್ರಿಯಾದರೆ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕೂರಬೇಡಿ.

ಕಬ್ಬಿಣಾಂಶದ ಮಾತ್ರೆಯನ್ನು ಮಗು ಹುಟ್ಟಿತು ಅಂತ ನಿಲ್ಲಿಸುವ ಹಾಗಿಲ್ಲ. ಸರ್ಕಾರದ ಕಾರ್ಯಕ್ರಮದಲ್ಲೇ ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರ ಇನ್ನೂ 180 ದಿನ ಎಂದಿದೆ. ಕಾಫಿ ಕುಡಿದ ಮೇಲೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಎರಡರ ನಡುವೆ ಒಂದೆರಡು ಗಂಟೆ ಬಿಡಿಸಿ, ನಿಂಬೆ ಪಾನಕದ ಜೊತೆ ಕೊಡಿ.