ಬಳಪದ ಕಲ್ಲು: ಗುಣ, ಜಲಾಂಶ, ವರ್ಗೀಕರಣ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲ್ಲೂಕುಗಳು ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು, ಆ ವರ್ಷ ಹಾವೇರಿ ಜಿಲ್ಲೆಯಲ್ಲಿ ಅಡಕವಾದುವು. ಪಾನುಂಗಲ್ಲು ಐನೂರು ಎಂದು ಶಾಸನಗಳಲ್ಲಿ ಹೆಸರಾದ ನಾಡು ಈ ಪ್ರದೇಶದಲ್ಲಿಯೇ ಇತ್ತು. ಹಾನಗಲ್ಲಿನ ತಾರಕೇಶ್ವರ, ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಕೋಟೆಯೊಳಗಿನ ನಗರೇಶ್ವರ, ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಸೋಮೇಶ್ವರ, ಹಿಂದೆ ಅದೇ ತಾಲ್ಲೂಕಿಗೆ ಸೇರಿದ್ದ ರಟ್ಟೀಹಳ್ಳಿಯ ಕದಂಬೇಶ್ವರ ಮೊದಲಾದ ದೇವಾಲಯಗಳೂ ಅವುಗಳ ಶಾಸನಗಳೂ ವಿದ್ವಾಂಸರಿಗೆ ಸುಪರಿಚಿತವಾದುವು. ಆದರೆ ಶಾಸನದ ಪಾಠವನ್ನು ಕೊಡುವಾಗ ಕಲ್ಲಿನ ಉದ್ದಗಲಗಳನ್ನು ಹೇಳಿ, ಅದರ ಜಾತಿಯನ್ನು ‘ಕರಿಯ ಕಲ್ಲು’ ಎಂದೋ ‘ಬಳಪದ ಕಲ್ಲು’ ಎಂದೋ ಒಂದೇ ಮಾತಿನಲ್ಲಿ ಮುಗಿಸುವ ರೂಢಿಯುಂಟು. ಅಕ್ಷರವನ್ನು ಹೊತ್ತು ನಿಂತ ವಸ್ತು ಯಾವುದು, ಅದರ ಬಲವೇನು, ದೌರ್ಬಲ್ಯವೇನು ಎಂಬುದನ್ನು ತಿಳಿಯದೆ ಅಕ್ಷರವನ್ನು ಕಾಪಾಡುವುದು ಸಾಧ್ಯವಲ್ಲ. ಆದುದರಿಂದ ಈ ಕಲ್ಲಿನ ಸ್ವರೂಪವನ್ನು ಇಲ್ಲಿ ವಿಚಾರಿಸಲಾಗಿದೆ.

೧. ಹೆಸರು

ಕನ್ನಡದಲ್ಲಿ ಬಳಪವೆಂಬ ಶಬ್ದವು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಮಕ್ಕಳು ಹಲಗೆಯ ಮೇಲೆ ಬರೆಯುವ ಕಡ್ಡಿಯೂ ಬಳಪ. ಮರಿಗೆ, ಬೋಗುಣಿ, ವಿಗ್ರಹಗಳನ್ನು ಕೊರೆಯುವ ಮೆದುವಾದ ಕಲ್ಲೂ ಬಳಪ. ಈ ಎರಡು ಅರ್ಥಗಳ ಸಂಬಂಧವು ಕಡತವನ್ನು ನೆನೆದರೆ ಸ್ಪಷ್ಟವಾಗುವುದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವಾಗುತ್ತಿತ್ತು. ಆ ಕರಿಯ ಮೈಮೇಲೆ ಲೆಕ್ಕಪತ್ರಗಳನ್ನು ಬರೆಯುತ್ತಿದ್ದುದು ಬಳಪದಿಂದಲೇ. ೧೮೧೦ರಲ್ಲಿ ಮೊದಲ ಸಂಪುಟವಾಗಿ ಹೊರಬಂದ ತನ್ನ ಇತಿಹಾಸಗ್ರಂಥದಲ್ಲಿ ಮಾರ್ಕ್ ವಿಲ್ಕ್ಸನು ಈ ಬರವಣಿಗೆಯ ಪದ್ಧತಿಯನ್ನು ವರ್ಣಿಸಿರುವನು.

ಹೀಗೆ ಒಂದೇ ಜಾತಿಯ ಕಲ್ಲು ಕನ್ನಡ ಬರವಣಿಗೆಗೆ ಎರಡು ವಿಧದಲ್ಲಿ ನೆರವಾಯಿತು. ಕಡತದಲ್ಲಿ ಕಲ್ಲು ಸವೆದು ಅಕ್ಷರವಾಗಿ ಅಂಟಿಕೊಂಡಿತು; ಶಾಸನದಲ್ಲಿ ಕಲ್ಲು ಸವೆದು ಅಕ್ಷರಕ್ಕೆ ಎಡೆಮಾಡಿಕೊಟ್ಟಿತು. ಎರಡಕ್ಕೂ ಕಾರಣ ಅದರ ಮೆದುತನ. ಆ ಮೆದುತನಕ್ಕೆ ಕಾರಣವೇನೆಂಬುದೇ ಮುಂದಿನ ಪ್ರಶ್ನೆ.

೨. ಶಿಲೆ ಮತ್ತು ಖನಿಜ

ಮೊದಲು ಒಂದು ಭೇದವನ್ನು ಗಮನಿಸಬೇಕು. ಖನಿಜವೆಂದರೆ ನಿಯತವಾದ ರಾಸಾಯನಿಕ ರಚನೆಯೂ ನಿಯತವಾದ ಅಣುವಿನ್ಯಾಸವೂ ಉಳ್ಳ ಪದಾರ್ಥ. ಶಿಲೆಯೆಂದರೆ ಅಂತಹ ಖನಿಜಗಳ ಕೂಟ. ಬಳಪದ ಕಲ್ಲು ಶಿಲೆಯೇ ಹೊರತು ಖನಿಜವಲ್ಲ. ಅದರಲ್ಲಿ ಮುಖ್ಯವಾಗಿರುವ ಖನಿಜಗಳು ಎರಡು: ಟಾಲ್ಕು ಮತ್ತು ಕ್ಲೋರೈಟು. ಇವುಗಳ ಜೊತೆಗೆ ಕೆಲವೆಡೆ ಸುಣ್ಣ ಅಥವಾ ಮೆಗ್ನೀಸಿಯಂ ಇರುವ ಕಾರ್ಬೊನೇಟುಗಳೂ ಕಬ್ಬಿಣದ ಆಕ್ಸೈಡಿನ ಕರಿಯ ಕಣಗಳೂ ಸೇರಿರುವುವು. ಅಪ್ಪಟ ಟಾಲ್ಕಿನ ಕಲ್ಲು ವಿರಳ. ಟಾಲ್ಕು ಹೆಚ್ಚಾದರೆ ಕಲ್ಲು ಬೆಳ್ಳಗೆ, ಮುಟ್ಟಿದರೆ ಸಾಬೂನಿನಂತೆ ನುಣ್ಣಗೆ ಇರುವುದು. ಕ್ಲೋರೈಟು ಹೆಚ್ಚಾದರೆ ಹಸಿರುಬೂದು ಬಣ್ಣದ್ದಾಗಿ, ತುಸು ಗಟ್ಟಿಯಾಗಿ, ಹದಿನೊಂದು ಹನ್ನೆರಡನೆಯ ಶತಮಾನಗಳ ದೇವಾಲಯಗಳಲ್ಲಿ ಕಾಣುವ ಬಗೆಯದಾಗುವುದು. ಈ ಎರಡನೆಯ ಬಗೆಯನ್ನು ಭೂವಿಜ್ಞಾನಿಗಳು ಕ್ಲೋರೈಟು ಪದರಶಿಲೆಯೆಂದು ಕರೆಯುವರು.

ಈ ನಾಲ್ಕು ತಾಲ್ಲೂಕುಗಳ ನೆಲದಡಿಯಲ್ಲಿರುವುದು ಪ್ರಾಚೀನವಾದ ಧಾರವಾಡ ಶಿಲಾವರ್ಗ. ರಾಬರ್ಟ್ ಬ್ರೂಸ್ ಫೂಟನು ೧೮೭೬ರಲ್ಲಿ ದಕ್ಷಿಣ ಮರಾಠಾ ಪ್ರಾಂತದ ಭೂರಚನೆಯನ್ನು ಕುರಿತು ದೊಡ್ಡ ವರದಿಯನ್ನು ಪ್ರಕಟಿಸಿದನು. ೧೮೮೮ರ ಲೇಖನದಲ್ಲಿ ಈ ವರ್ಗಕ್ಕೆ ಧಾರವಾಡದ ಹೆಸರನ್ನೇ ಕೊಟ್ಟನು. ಅದರ ಶಿಲೆಗಳು ೨೫೦ ಕೋಟಿ ವರ್ಷಗಳಿಗೂ ಹಿಂದಿನವು. ಮೆಗ್ನೀಸಿಯಂ ಕಬ್ಬಿಣಗಳು ಹೇರಳವಾಗಿದ್ದ ಅಗ್ನಿಶಿಲೆಗಳು ಭೂಮಿಯ ಒತ್ತಡಕ್ಕೂ ಬಿಸಿನೀರಿನ ಸಂಚಾರಕ್ಕೂ ಸಿಕ್ಕಿ ರೂಪಾಂತರ ಹೊಂದಿದಾಗ ಟಾಲ್ಕು, ಕ್ಲೋರೈಟುಗಳು ಹುಟ್ಟುವುವು. ಎಂದರೆ ಇವು ನೀರನ್ನು ಒಳಗೊಂಡು ಹುಟ್ಟಿದ ಖನಿಜಗಳು.

೩. ಖನಿಜದೊಳಗಿನ ನೀರು

ಜಲಯುಕ್ತ ಖನಿಜವೆಂಬ ಮಾತು ಒಂದಾದರೂ ಅದರ ಅರ್ಥ ಒಂದಲ್ಲ. ಈ ಪ್ರದೇಶದ ನೆಲವೇ ಇದಕ್ಕೆ ತಕ್ಕ ನಿದರ್ಶನಗಳನ್ನು ಒದಗಿಸುವುದು.

ಸವಣೂರಿನ ಎರೆಭೂಮಿಯು ಬೇಸಿಗೆಯಲ್ಲಿ ಬಾಯಿಬಿಟ್ಟು, ಮಳೆಗಾಲದಲ್ಲಿ ಉಬ್ಬಿ ಕೂಡಿಕೊಳ್ಳುವುದನ್ನು ಎಲ್ಲರೂ ಬಲ್ಲರು. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟಿನ ಜಾತಿಯ ಜೇಡಿ ಖನಿಜವಿರುವುದೇ ಇದಕ್ಕೆ ಕಾರಣ. ಈ ಖನಿಜದ ಪದರಗಳ ನಡುವಣ ಎಡೆಗೆ ನೀರು ನೀರಾಗಿಯೇ ಬಂದು ಸೇರುವುದು, ಒಣಗಿದಾಗ ಹೊರಟುಹೋಗುವುದು. ಇದು ಬಂದುಹೋಗುವ ನೀರು.

ಜಿಪ್ಸಮ್ಮಿನಲ್ಲಿರುವ ನೀರು ಎರಡನೆಯ ಬಗೆಯದು. ಅದರ ತೂಕದಲ್ಲಿ ನೂರಕ್ಕೆ ಸುಮಾರು ೨೧ ಭಾಗ ನೀರೇ. ಇಲ್ಲಿ ನೀರಿನ ಅಣುಗಳು ಹರಳಿನ ವಿನ್ಯಾಸದಲ್ಲಿ ಗೊತ್ತಾದ ಸ್ಥಾನಗಳಲ್ಲಿ ಕುಳಿತಿರುವುವು. ೨೦೦ ಡಿಗ್ರಿ ಸೆಂಟಿಗ್ರೇಡಿಗೂ ಕಡಮೆಯ ಶಾಖಕ್ಕೆ ಅದರ ಹೆಚ್ಚಿನ ಅಂಶವು ಹೊರಟುಹೋಗುವುದು. ಇದು ನೆಲಸಿದ ನೀರು.

ಮೂರನೆಯ ಬಗೆಯಲ್ಲಿ ನೀರು ನೀರಾಗಿ ಇರುವುದೇ ಇಲ್ಲ. ಜಲಜನಕ ಆಮ್ಲಜನಕಗಳು ಒಂದೊಂದು ಕೂಡಿದ ಹೈಡ್ರಾಕ್ಸಿಲ್ ಎಂಬ ಜೋಡಿಯಾಗಿ ಖನಿಜದ ಮೂಲರಚನೆಯಲ್ಲಿಯೇ ಹೆಣೆದುಕೊಂಡಿರುವುದು. ಹಾನಗಲ್ಲಿನಿಂದ ಮಲೆನಾಡಿನ ಕಡೆಗೆ ಹೋದಂತೆ ಕಾಣುವ ಜಂಬಿಟ್ಟಿಗೆಯ ಗೇಥೈಟು, ಗಿಬ್ಸೈಟುಗಳು ಈ ಬಗೆಯವು. ಬಳಪದ ಕಲ್ಲಿನ ಟಾಲ್ಕು ಕ್ಲೋರೈಟುಗಳೂ ಇದೇ ಬಗೆಯವು. ಶುದ್ಧ ಟಾಲ್ಕನ್ನು ಪೃಥಕ್ಕರಿಸಿದರೆ ನೂರಕ್ಕೆ ಸುಮಾರು ೬೩ ಭಾಗ ಸಿಲಿಕ, ೩೨ ಭಾಗ ಮೆಗ್ನೀಸಿಯಂ ಆಕ್ಸೈಡು, ೫ ಭಾಗಕ್ಕೆ ತುಸು ಕಡಮೆ ನೀರು ದೊರೆಯುವುವು. ಕ್ಲೋರೈಟಿನಲ್ಲಿ ನೀರು ೧೧ರಿಂದ ೧೩ ಭಾಗದವರೆಗೂ ಇರುವುದು. ಆದರೆ ಈ ನೀರು ಬಿಸಿಲಿಗೆ ಆರದು, ಒಲೆಯ ಉರಿಗೂ ಬಿಡದು. ಕ್ಲೋರೈಟಿನಿಂದ ಅದನ್ನು ಪೂರ್ತಿಯಾಗಿ ಹೊರಡಿಸಲು ೫೦೦ರಿಂದ ೮೫೦ ಡಿಗ್ರಿಯವರೆಗೂ, ಟಾಲ್ಕಿನಿಂದ ಹೊರಡಿಸಲು ೮೦೦ ಡಿಗ್ರಿಗೂ ಮೇಲ್ಪಟ್ಟೂ ಕಾಯಿಸಬೇಕು. ಹಾಗೆ ಕಾಯಿಸಿದ ಮೇಲೆ ಉಳಿಯುವುದು ಬಳಪವಲ್ಲ. ಬೇರೆಯ, ಗಡುಸಾದ ಖನಿಜ. ಹೈಡ್ರಾಕ್ಸಿಲ್ ಹೋದರೆ ರಚನೆಯೇ ಹೋಗುವುದು. ಬಳಪದ ಮರಿಗೆಯನ್ನು ಒಲೆಯ ಮೇಲಿಟ್ಟು ಬಹುಕಾಲ ಬಳಸಬಹುದಾದ ರಹಸ್ಯವೂ ಇದೇ.

೪. ಮೆದುತನದ ಕಾರಣ

ಸವಣೂರಿನ ವೀಳ್ಯದೆಲೆಯ ಕಟ್ಟನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಒಂದೊಂದು ಎಲೆಯೂ ಸುಲಭವಾಗಿ ಹರಿಯದಷ್ಟು ಹೆಣಿಗೆಯುಳ್ಳದ್ದು. ಆದರೂ ಕಟ್ಟನ್ನು ಬಿಚ್ಚಿದರೆ ಎಲೆಯ ಮೇಲಿನ ಎಲೆ ಜಾರಿಬೀಳುವುದು. ಟಾಲ್ಕಿನ ರಚನೆ ಹೀಗೆಯೇ. ಮೆಗ್ನೀಸಿಯಂ ಮತ್ತು ಹೈಡ್ರಾಕ್ಸಿಲ್ ಇರುವ ಒಂದು ಹಾಳೆಯ ಮೇಲೊಂದು ಕೆಳಗೊಂದು ಸಿಲಿಕದ ಹಾಳೆ ಬಲವಾಗಿ ಬೆಸೆದುಕೊಂಡು ಒಂದು ಪದರವಾಗುವುದು. ಈ ಪದರದಲ್ಲಿ ವಿದ್ಯುದಂಶವು ಒಳಗೊಳಗೇ ಸಮತೂಕವಾಗಿರುವುದರಿಂದ, ಪಕ್ಕದ ಪದರವನ್ನು ಹಿಡಿದುಕೊಳ್ಳಲು ಅದಕ್ಕೆ ಬಹಳ ದುರ್ಬಲವಾದ ಆಕರ್ಷಣೆಯನ್ನುಳಿದು ಬೇರೆ ಬಲವಿಲ್ಲ. ಬೆರಳಿನಿಂದ ಉಜ್ಜಿದರೂ ಪದರಗಳು ಜಾರುವುವು. ಕ್ಲೋರೈಟಿನಲ್ಲಿ ಇಂತಹ ಪದರಗಳ ನಡುವೆ ಮತ್ತೊಂದು ಹೈಡ್ರಾಕ್ಸೈಡಿನ ಹಾಳೆಯುಂಟು. ಪದರವೂ ಹಾಳೆಯೂ ವಿರುದ್ಧವಾದ ವಿದ್ಯುದಂಶವುಳ್ಳವಾದುದರಿಂದ ಪರಸ್ಪರ ಸೆಳೆಯುವುವು. ಆದುದರಿಂದಲೇ ಕ್ಲೋರೈಟಿನಲ್ಲಿ ನೀರಿನ ಅಂಶವೂ ಹೆಚ್ಚು, ಗಟ್ಟಿತನವೂ ತುಸು ಹೆಚ್ಚು.

೧೮೧೨ರಲ್ಲಿ ಫ್ರೆಡರಿಕ್ ಮೋಸನು ಏರ್ಪಡಿಸಿದ ಹತ್ತು ಮೆಟ್ಟಿಲುಗಳ ಕಾಠಿನ್ಯಮಾನದಲ್ಲಿ ಟಾಲ್ಕಿಗೆ ಮೊದಲನೆಯ, ಎಂದರೆ ಅತಿ ಕೆಳಗಿನ, ಸ್ಥಾನ. ಜಿಪ್ಸಮ್ ಎರಡನೆಯದು, ಕ್ಲೋರೈಟು ಎರಡು, ಎರಡೂವರೆಗಳ ನಡುವಿನದು, ಕೈಯುಗುರು ಸುಮಾರು ಎರಡೂವರೆ, ಬೆಣಚುಕಲ್ಲು ಏಳು. ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳ ಮರಳುಶಿಲೆ ಬಹುಮಟ್ಟಿಗೆ ಬೆಣಚಿನ ಕಣಗಳಿಂದಾದದ್ದು. ಮುಂದಿನ ಕಾಲದ ಶಿಲ್ಪಿಗಳು ಪದರಶಿಲೆಯನ್ನು ಕೈಗೆತ್ತಿಕೊಂಡ ಮೇಲೆ ಉಳಿಗೆ ಸಿಕ್ಕ ಸೌಲಭ್ಯವೆಷ್ಟೆಂಬುದು ಈ ಅಂಕಿಗಳಿಂದಲೇ ವ್ಯಕ್ತವಾಗುವುದು. ಬಂಕಾಪುರದಲ್ಲಿ ಜನರು ಅರವತ್ತು ಕಂಬದ ಗುಡಿಯೆಂದು ಕರೆಯುವ ದೇವಾಲಯದ ಕಂಬಗಳ ತಿರುಗಣೆಯ ನುಣುಪಾಗಲಿ, ಹಾನಗಲ್ಲಿನ ತಾರಕೇಶ್ವರನ ಗುಡಿಯ ವಿಶಾಲವಾದ ಕಮಲದ ಭುವನೇಶ್ವರಿಯಾಗಲಿ ಈ ಶಿಲೆಯ ಗುಣವನ್ನು ಅರಿತ ಕೈಗಳಿಂದ ಮೂಡಿದುವು.

೫. ವರ್ಗೀಕರಣದ ಮಾರ್ಪಾಟು

ಹಳೆಯ ಖನಿಜಶಾಸ್ತ್ರವು ರಾಸಾಯನಿಕ ಪೃಥಕ್ಕರಣವನ್ನೇ ನೆಚ್ಚಿತ್ತು. ೧೮೯೨ರಲ್ಲಿ ಹೊರಬಂದ ಡೇನನ ಖನಿಜಗ್ರಂಥದ ಆರನೆಯ ಆವೃತ್ತಿಯಲ್ಲಿ ಸಿಲಿಕೇಟುಗಳನ್ನು ಜಲರಹಿತ, ಜಲಯುಕ್ತ ಎಂದು ಎರಡಾಗಿ ವಿಂಗಡಿಸಿ, ಟಾಲ್ಕನ್ನು ಜಲಯುಕ್ತಗಳಲ್ಲಿ ಸೇರಿಸಲಾಗಿತ್ತು. ೧೯೧೨ರಲ್ಲಿ ಲಾವೆಯ ಪ್ರಯೋಗದಿಂದ ಎಕ್ಸ್ ಕಿರಣಗಳ ಮೂಲಕ ಹರಳಿನ ಒಳರಚನೆಯನ್ನು ಅರಿಯುವ ಮಾರ್ಗವು ತೆರೆಯಿತು; ಬ್ರ್ಯಾಗ್ ತಂದೆಮಕ್ಕಳು ಅದನ್ನು ಬೆಳೆಸಿದರು; ೧೯೩೦ರಲ್ಲಿ ಲೈನಸ್ ಪೌಲಿಂಗನು ಕ್ಲೋರೈಟುಗಳ ಪದರರಚನೆಯನ್ನು ವಿವರಿಸಿದನು. ಆಮೇಲೆ ಸಿಲಿಕೇಟುಗಳನ್ನು ವಿಂಗಡಿಸುವಾಗ ನೀರುಂಟೇ ಇಲ್ಲವೇ ಎಂಬ ಪ್ರಶ್ನೆಯು ಹಿಂದೆ ಸರಿದು, ಸಿಲಿಕದ ಘಟಕಗಳು ಹೇಗೆ ಜೋಡಿಸಿಕೊಂಡಿವೆ ಎಂಬ ಪ್ರಶ್ನೆಯು ಮುಂದೆ ಬಂದಿತು. ಇಂದು ಟಾಲ್ಕು, ಕ್ಲೋರೈಟು, ಅಭ್ರಕ, ಸರ್ಪೆಂಟೈನು, ಎರೆಮಣ್ಣಿನ ಜೇಡಿ ಇವೆಲ್ಲವೂ ಪದರ ಸಿಲಿಕೇಟುಗಳೆಂಬ ಒಂದೇ ವರ್ಗಕ್ಕೆ ಸೇರುವುವು. ಸವಣೂರಿನ ಹೊಲದ ಮಣ್ಣೂ ಹಾನಗಲ್ಲಿನ ಗುಡಿಯ ಕಂಬವೂ ಖನಿಜಶಾಸ್ತ್ರದ ದೃಷ್ಟಿಯಿಂದ ದಾಯಾದಿಗಳೆಂದಂತಾಯಿತು.

೬. ಶಾಸನಾಭ್ಯಾಸಿಗಳಿಗೆ ಇದರ ಪ್ರಯೋಜನ

ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದುವಾಗಿದ್ದು, ಗಾಳಿಬಿಸಿಲಿಗೆ ತಾಗಿದ ಮೇಲೆ ಕಬ್ಬಿಣದಂತೆ ಗಟ್ಟಿಯಾಗುವುದೆಂಬ ನಂಬಿಕೆಯು ಪುಸ್ತಕಗಳಲ್ಲಿಯೂ ಮಾತಿನಲ್ಲಿಯೂ ವ್ಯಾಪಕವಾಗಿದೆ. ಇದರಲ್ಲಿ ಸತ್ಯಾಂಶವು ಸ್ವಲ್ಪ. ಹೊಸದಾಗಿ ತೆಗೆದ ಕಲ್ಲಿನ ರಂಧ್ರಗಳಲ್ಲಿ ಗಣಿಯ ತೇವವಿರುವುದು. ಅದು ಆರಿದರೆ ಶಿಲೆಯು ತುಸು ಬಿಗಿಯಾಗಬಹುದು. ಆದರೆ ಆರುವುದು ಆ ತೇವವೇ ಹೊರತು ಹೈಡ್ರಾಕ್ಸಿಲ್ ಅಲ್ಲ. ಹತ್ತು ಶತಮಾನ ಬಿಸಿಲಿನಲ್ಲಿ ನಿಂತರೂ ಟಾಲ್ಕು ಟಾಲ್ಕೇ, ಕ್ಲೋರೈಟು ಕ್ಲೋರೈಟೇ. ಅವುಗಳ ಕಾಠಿನ್ಯ ಒಂದು, ಎರಡೂವರೆಗಳನ್ನು ದಾಟದು. ಎರಡು ಬಗೆಯ ನೀರನ್ನು ಒಂದೇ ಎಂದು ಎಣಿಸಿದ್ದರಿಂದ ಬಂದ ಈ ನಂಬಿಕೆಯು ಅಪಾಯಕರವಾದುದು. ಕಲ್ಲು ಗಟ್ಟಿಯಾಗಿದೆಯೆಂದು ಭಾವಿಸಿದವರು ಅದನ್ನು ನಿಶ್ಚಿಂತೆಯಿಂದ ಉಜ್ಜುವರು.

ಮರಳಿನಿಂದಲೋ ಇಟ್ಟಿಗೆಯ ಪುಡಿಯಿಂದಲೋ ತಿಕ್ಕಿದರೆ ಬೆಣಚಿನ ಏಳರ ಕಾಠಿನ್ಯವು ಎರಡರ ಮೇಲೆ ಹರಿದಾಡಿದಂತೆ. ಪ್ರತಿಸಲವೂ ಅಕ್ಷರದ ಅಂಚು ಒಂದಿಷ್ಟು ಹೋಗುವುದು. ಮಹಾಪ್ರಾಣದ ಸೀಳೂ ದೀರ್ಘದ ಕೊಂಬೂ ಮೊದಲು ಮಾಯವಾಗುವುವು. ಸುಣ್ಣ ಬಳಿಯುವುದಕ್ಕಿಂತ, ಬಳಿದ ಸುಣ್ಣವನ್ನು ಕಬ್ಬಿಣದಿಂದ ಕೆರೆದು ತೆಗೆಯುವುದು ಹೆಚ್ಚು ಹಾನಿಕರ. ಹುಳಿದ್ರಾವಣದಿಂದ ತೊಳೆದರೆ, ಶಿಲೆಯಲ್ಲಿ ಕಾರ್ಬೊನೇಟು ಇದ್ದಲ್ಲಿ ಅದು ನೊರೆಯೆದ್ದು ಕರಗಿ ಮೈಯಲ್ಲಿ ಕುಳಿಗಳನ್ನು ಬಿಡುವುದು. ಪದರಶಿಲೆಯಾದುದರಿಂದ ಬುಡದಲ್ಲಿ ನೀರು ನಿಂತು ಉಪ್ಪು ಏರಿದರೆ ಹೆಕ್ಕಳಿಕೆಗಳಾಗಿ ಎದ್ದು, ಸಾಲುಸಾಲೇ ಉದುರುವುದೂ ಉಂಟು. ಏಕಾಂತದ ರಾಮಯ್ಯನ ವೃತ್ತಾಂತಕ್ಕೆ ಸುಮಾರು ೧೨೦೦ರ ಅಬ್ಬಲೂರ ಶಾಸನವೇ ಮುಖ್ಯ ಆಧಾರವೆಂಬುದನ್ನು ನೆನೆದರೆ, ಒಂದು ಕಲ್ಲಿನ ಮೈ ಸವೆಯುವುದೆಂದರೆ ಏನೆಂಬುದು ಸಾಹಿತ್ಯದ ಅಧ್ಯಾಪಕರಿಗೆ ವಿವರಿಸಿ ಹೇಳಬೇಕಾದುದಲ್ಲ.

ಕಲ್ಲಿನ ಜಾತಿಯನ್ನು ಗುರುತಿಸಲು ಯಂತ್ರಸಾಮಗ್ರಿ ಬೇಕಾಗಿಲ್ಲ. ಬಳಿಯಲ್ಲಿ ಬಿದ್ದಿರುವ ಅದೇ ಕಲ್ಲಿನ ಚೂರೊಂದನ್ನು ಪರೀಕ್ಷಿಸಿದರೆ ಸಾಕು. ಅಕ್ಷರವಿರುವ ಕಲ್ಲನ್ನು ಮಾತ್ರ ಎಂದಿಗೂ ಗೀರಕೂಡದು. ಉಗುರಿಗೆ ಸುಲಭವಾಗಿ ಸೋತು, ಬಿಳಿಯ ಪುಡಿಯನ್ನು ಬಿಟ್ಟು, ಕೈಗೆ ಜಾರುವಂತಿದ್ದರೆ ಟಾಲ್ಕು ಪ್ರಧಾನವಾದುದು. ಉಗುರಿಗೆ ಕಷ್ಟದಿಂದ ಸೋತು, ನಸುಹಸಿರಿನ ಪುಡಿಯನ್ನು ಬಿಟ್ಟರೆ ಕ್ಲೋರೈಟು ಪ್ರಧಾನವಾದುದು. ಇವೆರಡರ ಹಲ್ಲೆಗಳೂ ಬಾಗುವುವು, ಆದರೆ ಅಭ್ರಕದಂತೆ ಹಿಂದಕ್ಕೆ ಚಿಮ್ಮವು. ಉಗುರಿಗಾಗಲಿ ತಾಮ್ರದ ಕಾಸಿಗಾಗಲಿ ಸೋಲದಿದ್ದರೆ ಅದು ಬಳಪವೇ ಅಲ್ಲ. ಬಣ್ಣ ಕರಿದೆಂಬ ಮಾತ್ರಕ್ಕೆ ಆ ಹೆಸರನ್ನು ಕೊಡಲಾಗದು.

ಶಾಸನಪಾಠದ ತಲೆಯಲ್ಲಿ ಸ್ಥಳ, ಕಾಲ, ಅಳತೆಗಳ ಜೊತೆಗೆ ಇಷ್ಟು ವಿವರವನ್ನೂ ಬರೆದಿಟ್ಟರೆ ಮುಂದೆ ಬರುವವನಿಗೆ ಎರಡು ಉಪಕಾರಗಳಾಗುವುವು. ಮಾಸಿದ ಅಕ್ಷರವು ಕಂಡರಣೆಗಾರನ ಲೋಪವೋ ಕಲ್ಲಿನ ಸವೆತವೋ ಎಂಬುದನ್ನು ನಿರ್ಣಯಿಸಲು ಅದು ಆಧಾರವಾಗುವುದು. ಯಾವ ಕಲ್ಲನ್ನು ಮೊದಲು ಮಾಡಿನ ಅಡಿಗೆ ತರಬೇಕೆಂಬುದನ್ನೂ ತಿಳಿಸುವುದು. ಟಾಲ್ಕು ಹೆಚ್ಚಿರುವ ಕಲ್ಲಿನ ಅಚ್ಚನ್ನು ಮೊದಲು ತೆಗೆಯಬೇಕು, ಮೆತ್ತನೆಯ ಕುಂಚದಿಂದ ತೆಗೆಯಬೇಕು, ಒಂದೇ ಸಲ ಸರಿಯಾಗಿ ತೆಗೆಯಬೇಕು.