ಬಂಡೆ ಏರುವ ಮಗಳ ಹಗ್ಗ ಯಾರ ಕೈಯಲ್ಲಿದೆ?

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡು, ಬೇಲೂರಿನ ಕಡೆಗೆ ಹೊರಟವರಿಗೆ ಎರಡು ಬಗೆಯ ಕಲ್ಲು ಕಾಣಸಿಗುತ್ತದೆ. ಒಂದು, ಅರಸೀಕೆರೆಯ ಸುತ್ತಲ ಗುಡ್ಡಗಳ ಗಟ್ಟಿ ಬಂಡೆ. ಇನ್ನೊಂದು, ಹೊಯ್ಸಳರ ಶಿಲ್ಪಿಗಳು ಉಳಿ ಹಿಡಿದು ಕೆತ್ತಿದ ಬಳಪದ ಕಲ್ಲು. ಇದು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಶಾಲಾ ಪ್ರವಾಸಕ್ಕೆ ಹೋದ ಮಕ್ಕಳಿಗೆ ಎರಡೂ ಒಂದೇ. ಎತ್ತರ ಕಂಡರೆ ಹತ್ತಬೇಕು!

ಬೇಲೂರು ಮತ್ತು ಹಳೇಬೀಡಿನ ಗೋಡೆ, ಜಗಲಿ, ವಿಗ್ರಹಗಳ ಮೇಲೆ ಹತ್ತುವುದು ಬೇಡವೇ ಬೇಡ. ಸೋಮನಾಥಪುರದ ಜೊತೆಗೆ ಇವು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಊರ ಪಕ್ಕದ ಗುಡ್ಡದ ನುಣುಪು ಬಂಡೆಯನ್ನು ಹಗ್ಗವಿಲ್ಲದೆ, ಚಪ್ಪಲಿಯಲ್ಲಿ ಹತ್ತುವುದು ಇನ್ನೂ ಅಪಾಯ. ಹತ್ತುವುದು ಸುಲಭ, ಇಳಿಯುವಾಗ ಕಾಲು ನಡುಗುತ್ತದೆ.

ಹಾಗಾದರೆ ಬಂಡೆ ಏರುವ ಆಸೆಯಿರುವ ಮಕ್ಕಳು ಎಲ್ಲಿಗೆ ಹೋಗಬೇಕು? ನಮ್ಮ ರಾಜ್ಯದಲ್ಲಿ ರಾಮನಗರ, ಸಾವನದುರ್ಗ, ಬಾದಾಮಿಗಳು ಈ ಕ್ರೀಡೆಗೆ ಹೆಸರಾದ ಜಾಗಗಳು. ಸರಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದರ ತರಬೇತಿ ನೀಡುತ್ತದೆ. ಕಾಲೇಜುಗಳಿಂದಲೂ ಶಿಬಿರಗಳಿಗೆ ಕರೆದೊಯ್ಯುತ್ತಾರೆ. ಒಂದು ದಿನ ನಿಮ್ಮ ಮಗಳು ಒಪ್ಪಿಗೆ ಪತ್ರ ತಂದು, "ಅಮ್ಮೀ, ಸಹಿ ಹಾಕಿ" ಎಂದು ಮುಂದೆ ನಿಲ್ಲುತ್ತಾಳೆ. ಥಟ್ಟನೆ ಬೇಡ ಅನ್ನುವ ಮೊದಲು, ಕಣ್ಣು ಮುಚ್ಚಿ ಸಹಿ ಹಾಕುವ ಮೊದಲು, ಅಲ್ಲಿ ನಡೆಯುವುದೇನೆಂದು ಸ್ವಲ್ಪ ತಿಳಿದುಕೊಳ್ಳಿ ಸಹೋದರಿಯರೇ.

ಹೊಸಬರಿಗೆ ಸಾಮಾನ್ಯವಾಗಿ ಕೊಡುವುದು ಇಳಿಜಾರಾದ ಹಾಸುಬಂಡೆ. ಗೋಡೆಯಂತೆ ನೆಟ್ಟಗಿರುವುದಿಲ್ಲ, ಹಿಡಿಯಲು ಕೊಕ್ಕೆಯಂಥ ಅಂಚುಗಳೂ ಇರುವುದಿಲ್ಲ. ಕಲ್ಲಿನಲ್ಲಿ ತೂತು ಕೊರೆದು ಅಲ್ಲಲ್ಲಿ ಉಕ್ಕಿನ ಬೋಲ್ಟ್ ಕೂರಿಸಿರುತ್ತಾರೆ. ಹತ್ತುವವಳು ಒಂದೊಂದೇ ಬೋಲ್ಟಿಗೆ ಕೊಂಡಿ ಸಿಕ್ಕಿಸಿ ತನ್ನ ಹಗ್ಗವನ್ನು ಅದರಲ್ಲಿ ಹಾಯಿಸುತ್ತಾ ಮೇಲೆ ಹೋಗುತ್ತಾಳೆ. ಕೆಳಗೆ ನಿಂತ ಜೊತೆಗಾರ್ತಿ ಹಗ್ಗದ ಇನ್ನೊಂದು ಭಾಗವನ್ನು ತನ್ನ ಸೊಂಟದ ಸಾಧನದಲ್ಲಿ ಹಾಯಿಸಿ ಹಿಡಿದಿರುತ್ತಾಳೆ. ಇದಕ್ಕೆ 'ಬಿಲೇ' ಎನ್ನುತ್ತಾರೆ.

ಇಲ್ಲೊಂದು ಲೆಕ್ಕವಿದೆ. ಮೊದಲ ಬೋಲ್ಟ್ 3 ಮೀಟರ್ ಎತ್ತರದಲ್ಲಿದೆ, ಹತ್ತುವವಳ ಸೊಂಟ 5 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಕಾಲು ಜಾರಿದರೆ ಬೋಲ್ಟಿನವರೆಗೆ 2 ಮೀಟರ್, ಅದರ ಕೆಳಗೆ ಇನ್ನೂ 2 ಮೀಟರ್, ಒಟ್ಟು 4 ಮೀಟರ್ ಬೀಳುತ್ತಾಳೆ. ಉಳಿದದ್ದು ಒಂದು ಮೀಟರ್. ಹಗ್ಗ ಹಿಗ್ಗುವುದನ್ನೂ ಸಡಿಲವನ್ನೂ ಸೇರಿಸಿದರೆ ನೆಲ ಬಂದೇ ಬಿಟ್ಟಿತು. ಹಾಗಾಗಿ ಕೆಳಗಿನ ಎರಡು ಮೂರು ಬೋಲ್ಟುಗಳೇ ಹೆಚ್ಚು ಅಪಾಯದವು. ಹಗ್ಗ ಕಟ್ಟಿದ್ದಾರೆ ಎಂದ ಮಾತ್ರಕ್ಕೆ ಸುರಕ್ಷಿತವಲ್ಲ. ಹೊಸಬರಿಗೆ ಮೇಲಿನಿಂದಲೇ ಹಗ್ಗ ಇಳಿಬಿಟ್ಟು ಹತ್ತಿಸಬೇಕು, ಆಗ ಜಾರಿದರೂ ಸ್ವಲ್ಪವೇ ಕೆಳಗೆ ಬಂದು ನಿಲ್ಲುತ್ತಾರೆ. ಶಿಬಿರದವರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಮೇಲಿನಿಂದ ಹಗ್ಗ ಕಟ್ಟುತ್ತೀರಾ?

ಎರಡನೆಯ ಪ್ರಶ್ನೆ, ಕೆಳಗೆ ಹಗ್ಗ ಹಿಡಿಯುವವರು ಯಾರು? ನನ್ನನ್ನು ಕೇಳಿದರೆ ಹತ್ತುವವರಿಗಿಂತ ಹಿಡಿಯುವವರೇ ಮುಖ್ಯ. ತಡೆಯುವ ಕೈ ಹಗ್ಗವನ್ನು ಒಂದು ಕ್ಷಣವೂ ಬಿಡಬಾರದು, ಫೋನ್ ಬಂದರೂ, ಫೋಟೋ ತೆಗೆಯಿರಿ ಎಂದರೂ. ನಿನ್ನೆ ತಾನೇ ಕಲಿತ ವಿದ್ಯಾರ್ಥಿಯ ಕೈಗೆ ಹಗ್ಗ ಕೊಟ್ಟಿದ್ದರೆ ಹಿಂದೆ ಒಬ್ಬ ತರಬೇತುದಾರರು ಹಗ್ಗದ ತುದಿ ಹಿಡಿದು ನಿಲ್ಲಬೇಕು.

ಹತ್ತುವ ಮುನ್ನ ಇಬ್ಬರೂ ಒಬ್ಬರನ್ನೊಬ್ಬರು ಪರೀಕ್ಷಿಸಬೇಕು. ಸೊಂಟಪಟ್ಟಿಯ ಬಕಲ್ ಸರಿಯಾಗಿದೆಯೇ, ಎಂಟರ ಆಕಾರದ ಗಂಟು ಪೂರ್ತಿಯಾಗಿದೆಯೇ, ಕೊಂಡಿಯ ತಿರುಪು ಬಿಗಿಯಾಗಿದೆಯೇ, ಹೆಲ್ಮೆಟ್ ಪಟ್ಟಿ ಹಾಕಿದೆಯೇ. ಹತ್ತು ವರ್ಷದ ಅನುಭವಿಗಳೂ ಮಾತನಾಡುತ್ತಾ ಗಂಟನ್ನು ಅರ್ಧಕ್ಕೇ ಬಿಟ್ಟು ಬಿದ್ದ ಉದಾಹರಣೆಗಳಿವೆ. ಹಗ್ಗದ ಕೆಳತುದಿಗೂ ಒಂದು ಗಂಟು ಬೇಕು. 30 ಮೀಟರ್ ಬಂಡೆಗೆ ಕನಿಷ್ಠ 60 ಮೀಟರ್ ಹಗ್ಗ ಬೇಕು. ಕಡಿಮೆಯಿದ್ದರೆ ಇಳಿಸುವಾಗ ಹಗ್ಗದ ತುದಿ ಸಾಧನದಿಂದ ಜಾರಿ ಹೋಗುತ್ತದೆ, ಗಂಟಿದ್ದರೆ ಅಲ್ಲೇ ತಡೆಯುತ್ತದೆ. ಮೇಲೆ ತಲುಪಿದ ಮೇಲೆ ಏನು ಮಾಡುವುದೆಂದೂ ನೆಲದ ಮೇಲೇ ತೀರ್ಮಾನವಾಗಬೇಕು. "ಅವರು ಹಿಡಿದಿದ್ದಾರೆ" ಎಂದು ಮೇಲಿನವಳು ಹಿಂದಕ್ಕೆ ವಾಲುತ್ತಾಳೆ, "ಅವಳು ತಾನೇ ಇಳಿಯುತ್ತಾಳೆ" ಎಂದು ಕೆಳಗಿನವಳು ಹಗ್ಗ ಬಿಚ್ಚಿರುತ್ತಾಳೆ. ಜೀವ ಹೋಗಲು ಅಷ್ಟು ಸಾಕು.

ಇನ್ನು ಹತ್ತುವ ಬಗೆ. ಹೆದರಿದವರು ಬಂಡೆಯನ್ನು ತಬ್ಬಿಕೊಳ್ಳುತ್ತಾರೆ. ಹಾಸುಬಂಡೆಯಲ್ಲಿ ತಬ್ಬಿದರೆ ಜಾರಿದಂತೆಯೇ. ಸೊಂಟ ಕಲ್ಲಿನಿಂದ ತುಸು ದೂರ ಇದ್ದರೆ ಭಾರ ನೇರ ಪಾದಕ್ಕೆ ಇಳಿಯುತ್ತದೆ, ರಬ್ಬರ್ ತಳದ ಬೂಟು ಕಲ್ಲನ್ನು ಕಚ್ಚುತ್ತದೆ. ಹಿಮ್ಮಡಿ ತಗ್ಗಿಸಬೇಕು, ಹೆಜ್ಜೆ ಚಿಕ್ಕದಾಗಿಡಬೇಕು, ಕಣ್ಣು ಪಾದದ ಮೇಲಿರಬೇಕು. ಕೈ ಬರಿಯ ಸಮತೋಲನಕ್ಕೆ. ತೋಳಿನ ಬಲಕ್ಕಿಂತ ತಾಳ್ಮೆಗೆ ಬೆಲೆಯಿರುವ ಆಟ ಇದು. ಹುಡುಗಿಯರಿಗೆ ಆಗದು ಎನ್ನುವವರಿಗೆ ಇಂಡೋನೇಷ್ಯಾದ ಏರೀಸ್ ಸುಸಾಂತಿ ರಹಾಯು ಅವರ ಹೆಸರು ಹೇಳಿ. ಹಿಜಾಬ್ ಧರಿಸಿಯೇ 2019ರಲ್ಲಿ ಚೀನಾದ ಶಿಯಾಮೆನ್‌ನಲ್ಲಿ 15 ಮೀಟರ್ ಗೋಡೆಯನ್ನು 6.995 ಸೆಕೆಂಡಿನಲ್ಲಿ ಏರಿ, 7 ಸೆಕೆಂಡಿಗಿಂತ ಬೇಗ ಏರಿದ ಮೊದಲ ಮಹಿಳೆಯಾದರು.

ಉಡುಪಿನ ಬಗ್ಗೆ ಅಂಜಿಕೆ ಬೇಡ. ಸಡಿಲವಾದ ಪ್ಯಾಂಟು, ಉದ್ದ ತೋಳಿನ ಅಂಗಿ, ಅದರ ಮೇಲೆ ಸೊಂಟಪಟ್ಟಿ. ಬಂಡೆಗೆ ಉಜ್ಜಿದರೂ ಚರ್ಮ ಉಳಿಯುತ್ತದೆ. ಆದರೆ ದುಪಟ್ಟಾ ಇಳಿಬಿಡಬಾರದು. ಅದರ ತುದಿಯಾಗಲಿ ಜಡೆಯಾಗಲಿ ಹಗ್ಗದ ಜೊತೆ ಸಾಧನದೊಳಗೆ ಎಳೆದುಕೊಂಡರೆ ಬಿಡಿಸುವುದು ಕಷ್ಟ. ಪಿನ್ನು ಚುಚ್ಚದ, ಅಂಗಿಯೊಳಗೆ ಸಿಕ್ಕಿಸಬಹುದಾದ ಸ್ಕಾರ್ಫ್ ಹೆಲ್ಮೆಟ್ಟಿನಡಿ ಚೆನ್ನಾಗಿ ಕೂರುತ್ತದೆ. ಉಂಗುರ, ಬಳೆ ಮನೆಯಲ್ಲೇ ಇರಲಿ. ಉಂಗುರ ಬೋಲ್ಟಿಗೆ ಸಿಕ್ಕಿ ಬೆರಳೇ ಹೋಗಬಹುದು. ಸೊಂಟಪಟ್ಟಿ ಕಟ್ಟಿ ಪರೀಕ್ಷಿಸಲು ಮಹಿಳಾ ತರಬೇತುದಾರರು ಇದ್ದಾರೆಯೇ ಎಂದು ಸಂಕೋಚಪಡದೆ ಕೇಳಿ.

ಬೇಸಿಗೆಯ ಮಧ್ಯಾಹ್ನ ಬಂಡೆ ಕಾವಲಿಯಂತೆ ಕಾದಿರುತ್ತದೆ, ಮಳೆ ಬಂದರೆ ಸೋಪು ಬಳಿದಂತಾಗುತ್ತದೆ. ಬೆಳಗಿನ ಹೊತ್ತೇ ಒಳ್ಳೆಯದು. ನಮ್ಮ ಕಡೆಯ ಬಂಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಹಗ್ಗದಲ್ಲಿ ನೇತಾಡುವಾಗ ಅವು ಎದ್ದರೆ ಓಡಲು ಜಾಗವಿಲ್ಲ. ಗೂಡು ಕಂಡ ದಿನ ಆ ಬಂಡೆಯನ್ನು ಬಿಟ್ಟು ಬರಬೇಕು. ಅಂದು ಮಕ್ಕಳಿಗೆ ಅತ್ತರನ್ನೂ ಹಚ್ಚಿ ಕಳಿಸಬೇಡಿ.