ತಂತಿ ತೆಗೆದರೆ ಹೊಸ ಯಂತ್ರವೇ?

ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲಿ ಸಾಲಾಗಿ ನಿಂತ ಕಪ್ಪು ಗೆರೆಗಳನ್ನು ನೀವು ನೋಡಿರಬಹುದು. ಕೆಲವು ತೆಳು, ಕೆಲವು ದಪ್ಪ. ಇದೇ ಬಾರ್‌ಕೋಡ್. ಇಂತಹ ಗುರುತಿಗೆ ಅಮೆರಿಕದ ವುಡ್‌ಲ್ಯಾಂಡ್ ಮತ್ತು ಸಿಲ್ವರ್ ಎಂಬವರು 1952ರಲ್ಲಿ ಪೇಟೆಂಟ್ ಪಡೆದರು.

ಪೇಟೆಂಟ್ ಎಂದರೆ ಹೊಸದನ್ನು ಕಂಡುಹಿಡಿದವರಿಗೆ ಸರಕಾರ ಕೊಡುವ ಹಕ್ಕು. ಅವರ ಒಪ್ಪಿಗೆಯಿಲ್ಲದೆ ಬೇರೆಯವರು ಆ ವಸ್ತುವನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ನಮ್ಮ ದೇಶದಲ್ಲಿ ಇದರ ಅವಧಿ 20 ವರ್ಷ.

ಅಂಗಡಿಯ ಸ್ಕ್ಯಾನರ್ ಈ ಗೆರೆಗಳ ಮೇಲೆ ಬೆಳಕು ಬೀರುತ್ತದೆ. ಬಿಳಿಯ ಭಾಗ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಕಪ್ಪು ಗೆರೆ ಹೀರಿಕೊಳ್ಳುತ್ತದೆ. ಈ ವ್ಯತ್ಯಾಸದಿಂದ ಯಂತ್ರ ಅಂಕಿಗಳನ್ನು ಗುರುತಿಸುತ್ತದೆ. ಮೊದಲು ಸ್ಕ್ಯಾನರಿಗೂ ಗಣಕಯಂತ್ರಕ್ಕೂ ನಡುವೆ ತಂತಿ ಇರುತ್ತಿತ್ತು. ಅನಂತರ ರೇಡಿಯೋ ಅಲೆಗಳ ಮೂಲಕ ಅಂಕಿ ಕಳಿಸುವ, ತಂತಿಯಿಲ್ಲದ ಸ್ಕ್ಯಾನರುಗಳು ಬಂದವು. ಇಂತಹ ಯಂತ್ರಗಳ ಪೇಟೆಂಟಿನ ಬಗ್ಗೆ ಅಮೆರಿಕದಲ್ಲಿ ಕಂಪನಿಗಳ ನಡುವೆ ವ್ಯಾಜ್ಯಗಳು ನಡೆದವು. “ಇದು ನಮ್ಮ ಹೊಸ ಆವಿಷ್ಕಾರ” ಎಂದು ಒಬ್ಬರ ವಾದ. “ಸ್ಕ್ಯಾನರೂ ಹಳೆಯದು, ರೇಡಿಯೋವೂ ಹಳೆಯದು. ಎರಡನ್ನೂ ಕೂಡಿಸುವುದು ಯಾವ ಕಸುಬುದಾರನಿಗಾದರೂ ಹೊಳೆಯುತ್ತಿತ್ತು” ಎಂದು ಇನ್ನೊಬ್ಬರ ವಾದ.

ಇಂಥದೇ ಹಳೆಯ ಜಗಳವೊಂದರ ವಸ್ತು ನಿಮ್ಮ ಕಂಪಾಸು ಪೆಟ್ಟಿಗೆಯಲ್ಲೇ ಇರಬಹುದು. 1858ರಲ್ಲಿ ಅಮೆರಿಕದ ಹೈಮನ್ ಲಿಪ್‌ಮನ್ ಎಂಬವರು ಪೆನ್ಸಿಲಿನ ತುದಿಗೆ ರಬ್ಬರ್ ಕೂಡಿಸಿ ಪೇಟೆಂಟ್ ಪಡೆದರು. ರೆಕೆನ್‌ಡಾರ್ಫರ್ ಎಂಬವರು ಆ ಹಕ್ಕನ್ನು ದೊಡ್ಡ ಮೊತ್ತಕ್ಕೆ ಕೊಂಡರು. ಬೇರೆಯವರೂ ಅಂಥ ಪೆನ್ಸಿಲ್ ಮಾಡಿದಾಗ ಮೊಕದ್ದಮೆ ಹೂಡಿದರು. ಆದರೆ 1875ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಪೇಟೆಂಟನ್ನೇ ತಳ್ಳಿಹಾಕಿತು. ಪೆನ್ಸಿಲ್ ಬರೆಯುತ್ತದೆ, ರಬ್ಬರ್ ಅಳಿಸುತ್ತದೆ. ಕೂಡಿದ್ದರಿಂದ ಹೊಸ ಕೆಲಸವೇನೂ ಆಗಲಿಲ್ಲ ಎಂದು ತೀರ್ಪಾಯಿತು. ಪಾಪ, ಕೊಂಡವರ ಹಣ ಹೋಯಿತು. ರಬ್ಬರಿನ ಪೆನ್ಸಿಲನ್ನು ಮಾತ್ರ ಯಾರು ಬೇಕಾದರೂ ಮಾಡುವಂತಾಯಿತು. ನಮ್ಮ 1970ರ ಪೇಟೆಂಟ್ ಕಾಯಿದೆಯೂ, ತಮ್ಮ ತಮ್ಮ ಹಳೆಯ ಕೆಲಸವನ್ನೇ ಮಾಡುವ ವಸ್ತುಗಳನ್ನು ಬರಿದೆ ಜೋಡಿಸಿದರೆ ಅದನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ.

ಹಾಗಾದರೆ ತಂತಿಯಿಲ್ಲದ ಸ್ಕ್ಯಾನರೂ ರಬ್ಬರಿನ ಪೆನ್ಸಿಲಿನಂತೆಯೇ? ಅಷ್ಟು ಬೇಗ ಹೇಳಲಾಗದು. ದೊಡ್ಡ ಉಗ್ರಾಣದಲ್ಲಿ ಹತ್ತಾರು ಸ್ಕ್ಯಾನರುಗಳು ಒಟ್ಟಿಗೆ ಅಂಕಿ ಕಳಿಸಿದರೆ ಅವು ಒಂದರೊಡನೊಂದು ಬೆರೆಯಬಾರದು. ಬ್ಯಾಟರಿ ಬೇಗ ಮುಗಿಯಬಾರದು. ಇಂತಹ ತೊಡಕಿಗೆ ಬೇರೆಯವರಿಗೆ ಹೊಳೆಯದ ದಾರಿ ಕಂಡವರಿಗೆ ಪೇಟೆಂಟ್ ಸಲ್ಲಬಹುದು. ಒಗಟಿನ ಉತ್ತರ ಕೇಳಿದ ಮೇಲೆ “ಇಷ್ಟೇನಾ!” ಎನ್ನುತ್ತೇವಲ್ಲವೇ? ಯಂತ್ರಗಳೂ ಹಾಗೆಯೇ, ಕಂಡ ಮೇಲೆ ಸುಲಭ. ಆದುದರಿಂದ ಅರ್ಜಿ ಹಾಕುವ ಮೊದಲೇ ಆ ಕಸುಬು ಬಲ್ಲವರಿಗೆ ಅದು ತಾನಾಗಿ ಹೊಳೆಯುತ್ತಿತ್ತೇ ಎಂದು ನ್ಯಾಯಾಧೀಶರು ಕೇಳುತ್ತಾರೆ. ಎದುರಾಳಿಗಳು ಅದಕ್ಕೂ ಹಿಂದಿನ ಪುಸ್ತಕ, ಪತ್ರಿಕೆ, ಪೇಟೆಂಟುಗಳನ್ನು ಹುಡುಕಿ ತಂದು ಅವರ ಮುಂದಿಡುತ್ತಾರೆ.